ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಶಿವರಾತ್ರಿಗೆ ಊರಿಗೆ ಬಾ ಅಂತ ಅವ್ವ ಪ್ರತಿ ವರ್ಷ ಕರೆಯುತ್ತಾಳೆ. ನಾನು ಪ್ರತಿ ವರ್ಷ ಒಂದು ನೆಪ ಹೇಳುತ್ತೇನೆ. ಈ ಸಲ ಫೋನ್ ಮಾಡಿದ್ದು ಕಾಕಾ. "ನಿನ್ನ ತಂಗಿ ಹಟಾ ಹಿಡದು ಕುಂತಾಳ. 371 ಜೆ ಸರ್ಟಿಫಿಕೇಟ್ ಬ್ಯಾಡಂತ. ನನ್ನ ಮಾತು ಕೇಳಂಗಿಲ್ಲ, ನೀನೇ ಬಂದು ಹೇಳು." ಹಾಗಾಗಿ ಯಶವಂತಪುರದಲ್ಲಿ ರೈಲು ಹತ್ತಿ ರಾತ್ರಿಯೆಲ್ಲ ಕುಲುಕಾಡಿಕೊಂಡು ಬೀದರಿಗೆ ಬಂದಿಳಿದೆ.

ಕಾಕಾನ ಮಗಳು ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾಳೆ. ಮುಂದೆ ಸಿಇಟಿ. ನಮ್ಮ ಭಾಗದವರಿಗೆ ಈ ಸರ್ಟಿಫಿಕೇಟ್ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ: ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371(ಜೆ) ವಿಧಿ ಬಂತು. ಅದರ ಪ್ರಕಾರ 2013ರ ಆದೇಶದಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಇಲ್ಲಿನ ಮಕ್ಕಳಿಗೆ ಮೀಸಲು. ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿದ್ದು ಆ ಎಂಟರಲ್ಲೇ.

ಆಕೆಯ ಹಟಕ್ಕೆ ಬೀಜ ಹಾಕಿದವನೂ ನಾನೇ. ಎರಡು ವರ್ಷದ ಹಿಂದೆ ದೀಪಾವಳಿಯಲ್ಲಿ ಪಡಸಾಲೆಯಲ್ಲಿ ಕೂತು ಹೇಳಿಕೊಂಡಿದ್ದೆ: ಮೊದಲ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ನಗುತ್ತಲೇ "ನಿಮ್ದೆಲ್ಲ ಕೋಟಾ ಅಲ್ವಾ" ಅಂದಿದ್ದ, ಆಮೇಲಿಂದ ನಾನು ಯಾರಾದರೂ ಊರು ಕೇಳಿದರೆ "ಹೈದರಾಬಾದ್ ಹತ್ತಿರ" ಅನ್ನುತ್ತಿದ್ದೆ ಎಂದು. ಅಡುಗೆಮನೆ ಬಾಗಿಲಲ್ಲಿ ನಿಂತು ಆಕೆ ಎಲ್ಲ ಕೇಳಿಸಿಕೊಂಡಿದ್ದಳು.

ಮಧ್ಯಾಹ್ನದ ಭಾಲ್ಕಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಸಲಾ, ಮಿರ್ಚಿ ಭಜಿ ತಿಂದು ಕೋಟೆಗೆ ಹೋದೆವು. ಸೋಲಹ್ ಖಂಬಾ ಮಸೀದಿಯ ಮುಂದಿನ ಹುಲ್ಲುಹಾಸಿನಲ್ಲಿ ಕೂತಾಗ ನನ್ನ ಮೊಬೈಲು ಆಕೆಯ ಕೈಯಲ್ಲಿತ್ತು. ಒಂದು ಆ್ಯಪ್ ತೆರೆದು ಕೇಳಿದಳು, "ಅಣ್ಣಾ, ಹ್ಯಾಂಡಿಕ್ಯಾಪ್ 24.6 ಅಂತ ಬಂದದ. ನಿನಗೇನಾಗ್ಯಾದ?"

ನಗು ತಡೆಯಲಾಗಲಿಲ್ಲ. ಏನೂ ಆಗಿಲ್ಲ, ಗಾಲ್ಫ್ ಆಡುತ್ತೇನೆ ಅಷ್ಟೇ ಅಂದೆ. ಮನೆಯಲ್ಲಿ ಅದುವರೆಗೂ ಹೇಳಿರಲಿಲ್ಲ. ಸೋಯಾಬೀನು, ತೊಗರಿ ಬೆಳೆಯುವ ಮನೆಯಿಂದ ಬಂದವನು ಅಷ್ಟು ಹೊಲ ಖಾಲಿ ಬಿಟ್ಟು ಚೆಂಡು ಹೊಡೆಯುತ್ತೇನೆ ಅಂದರೆ ಅಪ್ಪ ಏನಂದಾರು? ಕಂಪನಿಗೆ ಒಂದು ಕ್ಲಬ್ಬಿನ ಕಾರ್ಪೊರೇಟ್ ಸದಸ್ಯತ್ವ ಇದೆ. ನಮ್ಮ ಮ್ಯಾನೇಜರ್ ಹೊರದೇಶಕ್ಕೆ ಹೋದಾಗ ಆ ಜಾಗ ಖಾಲಿಯಾಯಿತು, ಯಾರೂ ಕೈ ಎತ್ತಲಿಲ್ಲ, ನಾನು ಎತ್ತಿದೆ. ನನ್ನ ಸಂಬಳದಲ್ಲಿ ಸ್ವಂತ ಸದಸ್ಯತ್ವ ಕನಸಿನ ಮಾತು.

ಪದದ ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಹಿಂದೆ ಇಬ್ಬರು ವಸ್ತು ಅದಲುಬದಲು ಮಾಡುವಾಗ ಮೂರನೆಯವನೊಬ್ಬ ನಡುವೆ ಕೂತು, ಯಾವುದಕ್ಕೆ ಎಷ್ಟು ಹೆಚ್ಚಿಗೆ ಕೊಟ್ಟರೆ ಸರಿಸಮ ಆಗುತ್ತದೆ ಅಂತ ಹೇಳುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಎಂದು ತೋರಿಸಲು ಇಬ್ಬರೂ ಟೋಪಿಯೊಳಗೆ ಕೈ ಹಾಕಿ ತೆಗೆಯಬೇಕು. ಟೋಪಿಯಲ್ಲಿ ಕೈ, ಅದೇ ಹ್ಯಾಂಡ್ ಇನ್ ಕ್ಯಾಪ್. ಅಲ್ಲಿಂದ ಕುದುರೆ ರೇಸಿಗೆ ಹೋಯಿತು: ಜೋರಾಗಿ ಓಡುವ ಕುದುರೆಯ ಮೇಲೆ ಹೆಚ್ಚು ತೂಕ ಹೊರಿಸುವುದು. ಅಲ್ಲಿಂದ ಗಾಲ್ಫಿಗೆ. ಅಂಗವೈಕಲ್ಯದ ಅರ್ಥ ಬಂದದ್ದು ಆಮೇಲೆ. (ಕುದುರೆ ಅಂದಾಗ ನೆನಪಾಯಿತು. ಹದಿನೈದನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದೇ ಒಂದು ಕುದುರೆ ಹಿಡಿದುಕೊಂಡು ಬಂದು ಮಾರಿದ್ದು ಇದೇ ಬೀದರಿನಲ್ಲಿ. ಪೇಟೆಯಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನನೂ ವ್ಯಾಪಾರಕ್ಕೆಂದೇ ಪರ್ಷಿಯಾದಿಂದ ಬಂದವನು.) ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾದುಹೋಯಿತು, ಅದರ ಸದ್ದು ಇಳಿಯುವ ತನಕ ಇಬ್ಬರೂ ಸುಮ್ಮನಿದ್ದೆವು.

"ಹಂಗಂದ್ರ ಇದೂ ಕನ್ಸೆಷನ್ನೇ ಅಲ್ಲೇನು?" ಅಂದಳು.

ಭಾಲ್ಕಿ ಬಸ್ಸಿನಲ್ಲಿ ಲೆಕ್ಕ ಬಿಡಿಸಿ ಹೇಳಿದೆ. ಗಾಲ್ಫಿನಲ್ಲಿ 18 ಹೋಲು. ಚೆನ್ನಾಗಿ ಆಡುವವನಿಗೆ ಎಷ್ಟು ಹೊಡೆತ ಬೇಕೋ ಅದು ಪಾರ್, ಸಾಮಾನ್ಯವಾಗಿ 72. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಇಪ್ಪತ್ತು ವರ್ಷದಿಂದ ಆಡುತ್ತಿರುವವನೂ ನಿನ್ನೆ ಸೇರಿದವನೂ ಒಟ್ಟಿಗೆ ಆಡಿದರೆ ಆಟವೇ ಆಗುವುದಿಲ್ಲ. ಅದಕ್ಕೆ ಹೊಸಬನಿಗೆ ಇಷ್ಟು ಹೊಡೆತ ವಜಾ. ಚಿಕ್ಕವರಿದ್ದಾಗ ಸಣ್ಣ ಹುಡುಗರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಇದು ಹಾಗಲ್ಲ. ಇಲ್ಲಿ ಪ್ರತಿ ಹೊಡೆತವೂ ಲೆಕ್ಕಕ್ಕೆ.

ಆ ನಂಬರ್ ಯಾರೋ ದಯೆಯಿಂದ ಕೊಡುವುದಲ್ಲ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಇದೆ, ನಮ್ಮ ದೇಶದಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್ ನೋಡಿಕೊಳ್ಳುತ್ತದೆ. ನಮ್ಮ ಕ್ಲಬ್ಬಿನಲ್ಲಿ ಮೊದಲು ನಿಯಮ, ನಡವಳಿಕೆಯ ಪರೀಕ್ಷೆ ಪಾಸಾಗಬೇಕು. ಆಮೇಲೆ 54 ಹೋಲುಗಳ ಕಾರ್ಡು ಕೊಡಬೇಕು, ಅಂದರೆ ಪೂರ್ತಿ ಮೂರು ಸುತ್ತು. ಒಬ್ಬನೇ ಆಡಿದ್ದು ನಡೆಯುವುದಿಲ್ಲ. ಜೊತೆಗೆ ಆಡಿದವನು ಮಾರ್ಕರ್ ಆಗಿ ಸಹಿ ಹಾಕಬೇಕು. ಹೊಸಬ ಒಂದೇ ಹೋಲಿನಲ್ಲಿ ಇಪ್ಪತ್ತು ಸಲ ಹೊಡೆದರೂ ಪಾರ್‌ಗಿಂತ ಐದು ಮಾತ್ರ ಹೆಚ್ಚಿಗೆ ಬರೆದುಕೊಳ್ಳುತ್ತಾರೆ. ಆ ನಿಯಮ ಇಲ್ಲದಿದ್ದರೆ ನನ್ನ ಮೊದಲ ಕಾರ್ಡು ಮ್ಯೂಸಿಯಂಗೆ ಹೋಗುತ್ತಿತ್ತು.

"ಎಲ್ಲಾ ಮೈದಾನ ಒಂದೇ ಥರ ಇರ್ತಾವೇನು?" ಅಂದಳು. ಸೈನ್ಸ್ ಹುಡುಗಿ!

ಇರುವುದಿಲ್ಲ. ಅದಕ್ಕೇ ಪ್ರತಿ ಮೈದಾನಕ್ಕೆ ಎರಡು ಅಳತೆ. ಕೋರ್ಸ್ ರೇಟಿಂಗ್ ಅಂದರೆ ಪಳಗಿದ ಆಟಗಾರನಿಗೆ ಅಲ್ಲಿ ಎಷ್ಟು ಹೊಡೆತ ಬೇಕು ಎನ್ನುವುದು. ಸ್ಲೋಪ್ ಅಂದರೆ ಆತನಿಗೆ ಹೋಲಿಸಿದರೆ ಸಾಧಾರಣ ಆಟಗಾರನಿಗೆ ಅದೇ ಮೈದಾನ ಎಷ್ಟು ಹೆಚ್ಚು ಕಷ್ಟ ಎನ್ನುವುದು. ಸ್ಲೋಪ್ 55ರಿಂದ 155ರವರೆಗೆ ಇರುತ್ತದೆ, 113 ನಡುವಿನ ಮಟ್ಟ. ನಾನು ಆಡುವ ಮೈದಾನದ ರೇಟಿಂಗ್ 71.2, ಸ್ಲೋಪ್ 128. ಬಸ್ ಟಿಕೆಟಿನ ಹಿಂದೆ ಬರೆದು ತೋರಿಸಿದೆ. ಮೂರು ಕಾರ್ಡು: 121, 117, 112. ಕೊನೆಯದರಿಂದ 71.2 ಕಳೆದು, 113ರಿಂದ ಗುಣಿಸಿ, 128ರಿಂದ ಭಾಗಿಸಿದರೆ 36.0. ಮೂರೇ ಕಾರ್ಡು ಇದ್ದಾಗ ಅತಿ ಕಡಿಮೆಯದನ್ನು ಹಿಡಿದು ಅದರಲ್ಲೂ 2 ಕಳೆಯುತ್ತಾರೆ. ನನ್ನ ಮೊದಲ ಹ್ಯಾಂಡಿಕ್ಯಾಪ್ ಇಂಡೆಕ್ಸ್ 34.0. ಗರಿಷ್ಠ ಮಿತಿ 54.0 ಇರುವುದರಿಂದ ಮರ್ಯಾದೆ ಉಳಿಯಿತು.

ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಒಳ್ಳೆಯದಿರಲಿ ಕೆಟ್ಟದಿರಲಿ, ಆಡಿದ ಕಾರ್ಡನ್ನು ಅವತ್ತೇ ಸಲ್ಲಿಸಬೇಕು. ಮರುದಿನ ಬೆಳಿಗ್ಗೆ ನಂಬರ್ ಹೊಸದು. ಕಾರ್ಡು ಇಪ್ಪತ್ತಾದ ಮೇಲೆ ಕೊನೆಯ ಇಪ್ಪತ್ತರಲ್ಲಿ ಅತ್ಯುತ್ತಮ ಎಂಟರ ಸರಾಸರಿ. ಇದು ನನಗೆ ಬಹಳ ಹಿಡಿಸಿತು. ಹನ್ನೆರಡು ಕೆಟ್ಟ ದಿನಗಳನ್ನು ಪಕ್ಕಕ್ಕಿಟ್ಟು, ನಿನ್ನ ಕೈಲಿ ಏನಾಗುತ್ತದೆ ಅಂತ ಎಂಟು ಒಳ್ಳೆಯ ದಿನಗಳಿಂದ ಅಳೆಯುತ್ತಾರೆ. ಬೇಕಂತಲೇ ಕೆಟ್ಟದಾಗಿ ಆಡಿ ನಂಬರ್ ಏರಿಸಿಕೊಂಡು ಟೂರ್ನಿಯಲ್ಲಿ ಕಪ್ ಹೊಡೆಯುವವರೂ ಇದ್ದಾರೆ. ಅದಕ್ಕೆ ಕಡಿವಾಣ ಇದೆ: ಕಳೆದ ಒಂದು ವರ್ಷದ ಕನಿಷ್ಠಕ್ಕಿಂತ 5ಕ್ಕಿಂತ ಹೆಚ್ಚು ಏರುವಂತಿಲ್ಲ, 3 ದಾಟಿದ ಮೇಲೆ ಏರಿಕೆ ಅರ್ಧ. ಒಂದು ದಿನ ಇದ್ದಕ್ಕಿದ್ದಂತೆ ಇಂಡೆಕ್ಸಿಗಿಂತ 7 ಕಡಿಮೆ ಆಡಿದರೆ ಮತ್ತೊಂದು ಕಡಿತ. ಇದೆಲ್ಲದರ ಮೇಲೆ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿಯ ಕಣ್ಣು.

ಇಷ್ಟು ಹೇಳಿ ಬಾಯಿ ತಪ್ಪಿ ಇನ್ನೊಂದನ್ನೂ ಹೇಳಿಬಿಟ್ಟೆ. ಹೋದ ವಾರ ಅಪರೂಪಕ್ಕೆ ಚೆನ್ನಾಗಿ ಆಡಿದ್ದೆ. ಮುಂದಿನ ತಿಂಗಳು ಕ್ಲಬ್ ಟೂರ್ನಿ. ಜೊತೆಗಾರ "ಈ ಕಾರ್ಡು ಹಾಕ್ಬೇಡ, ಸುಮ್ನೆ ಒಂದು ಹೊಡೆತ ಕಳ್ಕೋತೀಯ" ಅಂದ. ನಾನು ಹಾಕಿರಲಿಲ್ಲ.

"ಅಂದ್ರ ನೀನೂ ಕಳ್ಳನೇ" ಅಂದಳು ತಂಗಿ, ಕಿಟಕಿ ಕಡೆ ಮುಖ ಮಾಡಿಕೊಂಡು.

ಭಾಲ್ಕಿಯಲ್ಲಿ ಅವ್ವನ ಕೈಯ ಬಿಸಿ ಜೋಳದ ರೊಟ್ಟಿ. ಸಂಜೆ ಹಿರೇಮಠದ ಕಡೆ ನಡೆದುಕೊಂಡು ಹೋದೆವು. ನಿಜಾಮನ ಕಾಲದಲ್ಲಿ ಶಾಲೆಯಲ್ಲಿ ಉರ್ದು ಕಡ್ಡಾಯ ಇದ್ದಾಗ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಅಜ್ಜನಿಗೆ ಕೊನೆತನಕ ಉರ್ದು ಅಕ್ಷರವೇ ಸಲೀಸು, ಕನ್ನಡದಲ್ಲಿ ಸಹಿ ಮಾತ್ರ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಆತನ ವಯಸ್ಸಿನವರು ಕನ್ನಡದ ಅರ್ಜಿಯನ್ನು ಇನ್ನೊಬ್ಬರಿಂದ ಬರೆಸಿದವರು. ಮೈದಾನದ ಸ್ಲೋಪ್ ಅಂದರೆ ನನಗೆ ಅಜ್ಜನೇ ನೆನಪಾಗುವುದು. ಇದನ್ನು ಆಕೆಗೆ ಹೇಳಲಿಲ್ಲ, ಭಾಷಣ ಆಗುತ್ತಿತ್ತು.

ಮರುದಿನ ಮಾಂಜ್ರಾ ದಾಟಿ ಔರಾದಿಗೆ, ಅತ್ತೆಯ ಮನೆಗೆ. ಅಮರೇಶ್ವರ ಜಾತ್ರೆ. ಉಪವಾಸದವರಿಗೆ ಸಾಬೂದಾನಿ ಖಿಚಡಿ, ಖರ್ಜೂರ. ನಮಗೆ ದನದ ಜಾತ್ರೆ ನೋಡುವ ಆಸೆ. ಕಪ್ಪು ಬಿಳಿ ಮಚ್ಚೆಯ ದೇವಣಿ ಎತ್ತುಗಳು, ಅಗಲ ಹಣೆ, ಜೋತುಬಿದ್ದ ಕಿವಿ. ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲ ಕಲಸಿದ ಮಾತು. ಒಂದು ಜೋಡಿಯ ಮುಂದೆ ಇಬ್ಬರು ಟವೆಲ್ ಕೆಳಗೆ ಕೈ ಸೇರಿಸಿ ನಿಂತಿದ್ದರು. ಬೆರಳು ಹಿಡಿದು ರೇಟು ಮಾತಾಡುವುದು, ಸುತ್ತ ನಿಂತವರಿಗೆ ಗೊತ್ತಾಗಬಾರದು. ನಡುವೆ ದಲಾಲಿ.

ತಂಗಿ ನನ್ನ ಅಂಗಿ ಜಗ್ಗಿದಳು. "ಅಣ್ಣಾ, ನೋಡು. ಟೋಪಿಯಾಗ ಕೈ!"

ವಾಪಸ್ ಬರುವಾಗ ತಾನೇ ಮಾತು ತೆಗೆದಳು. "ನಿನ್ನ ಆಟದಾಗ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಅದ. ನಮ್ಮ ಸರ್ಟಿಫಿಕೇಟ್ ಹಂಗಿಲ್ಲಲ್ಲ. ನನ್ನ ಕ್ಲಾಸಿನಾಗ ಒಬ್ಬಾಕಿ ಇದ್ದಾಳ, ಅವರಪ್ಪ ಅವ್ವ ಇಬ್ರೂ ಡಾಕ್ಟರ್. ಆಕಿಗೂ ಅದೇ, ಔರಾದ್ ತಾಂಡಾದ ಹುಡುಗಿಗೂ ಅದೇ."

ಉತ್ತರ ಇರಲಿಲ್ಲ. ಹೌದು ಅಂದೆ. ಆದರೆ ಊರುಗಳಿಗೆ ಒಮ್ಮೆ ನಂಬರ್ ಹಾಕಿದ್ದರು ಅಂತ ಹೇಳಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನೂ ಅಳೆದಿತ್ತು. ರಾಜ್ಯದ ಸರಾಸರಿ 1, ಅದಕ್ಕಿಂತ ಕೆಳಗೆ ಇದ್ದವು 114. ಅದರಲ್ಲಿ 39 ಅತ್ಯಂತ ಹಿಂದುಳಿದವು. ಔರಾದ್, ಭಾಲ್ಕಿ ಎರಡೂ ಆ 39ರಲ್ಲಿ.

"ಅದೂ ಮರುದಿನ ಮುಂಜಾನೆ ಬದಲಾಗ್ತದೇನು?"

ಇಲ್ಲ, ಅಂದೆ. 2024ರಲ್ಲಿ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಆಗುವ ತನಕ ನಾವು ಮಾತಾಡುತ್ತಿದ್ದದ್ದು ಅದೇ ಹಳೇ ನಂಬರಿನ ಮೇಲೆ. ನನ್ನಂಥವನ ಗಾಲ್ಫ್ ಆಟ ದಿನದಿನಕ್ಕೆ ಲೆಕ್ಕವಾಗುತ್ತದೆ, ಒಂದು ತಾಲ್ಲೂಕಿನದು ಇಪ್ಪತ್ತು ವರ್ಷ ಕಾಯುತ್ತದೆ. ಇದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

"ಆ ಕೋಟಾ ಅಂದವನು ಗಾಲ್ಫ್ ಆಡ್ತಾನೇನು?"

"ಆಡ್ತಾನ. ಅವನಿಗೆ ನನಗಿಂತ ಎರಡು ಹೊಡೆತ ಹೆಚ್ಚಿಗಿ ಸಿಗ್ತಾವ."

ಬಸ್ಸಿನಲ್ಲಿ ಹಿಂದಿನ ಸೀಟಿನವರೂ ತಿರುಗಿ ನೋಡುವಷ್ಟು ನಕ್ಕಳು.

ಸೋಮವಾರ ಕಚೇರಿಯಲ್ಲಿ ಸಾಲು ಉದ್ದವಿತ್ತು. ಕಾಕಾ ಬೆಳಿಗ್ಗೆಯೇ ಬಂದು ನಿಂತಿದ್ದ, ಆಕೆ ಬರುತ್ತಾಳೆಂದು ಆತನಿಗೆ ನಂಬಿಕೆ ಇರಲಿಲ್ಲ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಕಾಕಾನ ದಾಖಲೆ ಎಲ್ಲ ಜೋಡಿಸಿಕೊಂಡು ಫಾರಂ ತಾನೇ ತುಂಬಿದಳು. ಸಹಾಯಕ ಆಯುಕ್ತರ ಸಹಿ ಆಗಿ ಕೈಗೆ ಬರಲು ಇನ್ನೂ ದಿನ ಹಿಡಿಯುತ್ತದೆ. "ಮೆರಿಟ್‌ನಾಗೇ ಬಂದ್ರ ಇದು ಬಳಸಂಗಿಲ್ಲ ನಾನು" ಅಂತ ಅಪ್ಪನಿಗೆ ಷರತ್ತು ಹಾಕಿದಳು. ಕಾಕಾ ಎಲ್ಲದಕ್ಕೂ ಹೂಂ ಅಂದ. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ನ ಆ ಕಾರ್ಡು?"

ಸಾಲಿನಲ್ಲಿ ನಿಂತೇ ಬೆಂಗಳೂರಿಗೆ ಫೋನ್ ಹಚ್ಚಿದೆ. ಮಾರ್ಕರ್ ಸಹಿ ಬೇಕಲ್ಲ, ಮಾರ್ಕರ್ ಆ ಜೊತೆಗಾರನೇ. "ತಲೆ ಕೆಟ್ಟಿದ್ಯಾ ನಿಂಗೆ?" ಅಂದ, ಆದರೆ ಒಪ್ಪಿದ. ತಡವಾದದ್ದಕ್ಕೆ ಸಮಿತಿಗೆ ಎರಡು ಸಾಲು ಕಾರಣ ಬರೆದು ಕಳಿಸಿದೆ.

ರೈಲು ಯಶವಂತಪುರ ಮುಟ್ಟುವಾಗ ಆ್ಯಪ್ ನೋಡಿದೆ. 24.6 ಇದ್ದದ್ದು 24.0 ಆಗಿತ್ತು. ನಮ್ಮ ಮೈದಾನದಲ್ಲಿ 27 ಹೊಡೆತದ ಬದಲು ಇನ್ನು 26. ಸ್ಕ್ರೀನ್‌ಶಾಟ್ ತೆಗೆದು ತಂಗಿಗೆ ಕಳಿಸಿದೆ. ಬೋರ್ಡ್ ಪರೀಕ್ಷೆ ಹತ್ತಿರ ಇತ್ತು, ಮೊಬೈಲು ವಾರ್ಡನ್ ಹತ್ತಿರ ಇರುತ್ತದೆ. ಭಾನುವಾರ ಉತ್ತರ ಬಂತು: "ಇಷ್ಟೇನಾ?"