ಸಿ.ವಿ. ರಾಮನ್ ನಗರದಲ್ಲಿ ಮುನಿದು ನಿಂತ ಕಾರುಗಳು

ಬೆಂಗಳೂರಿನ ದಂಡು ಪ್ರದೇಶವನ್ನು ದಾಟಿ, ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸಾಗುವವರಿಗೆ, ಇಂದಿರಾನಗರ ಹಿಂದೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಬೈಯಪ್ಪನಹಳ್ಳಿಯ ಆಸುಪಾಸು ಎದುರಾಗುತ್ತದೆ. ಅಲ್ಲಿ ಬಲಕ್ಕೆ ಹೊರಳಿದರೆ ಸಿ.ವಿ. ರಾಮನ್ ನಗರ. ಹೆಸರು ಮಹಾವಿಜ್ಞಾನಿಯದು. ೧೯೩೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಾಮನ್ನರು ೧೯೩೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ೧೯೪೮ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಸ್ಥಾಪಿಸಿದರು. ೧೯೭೦ರಲ್ಲಿ ಈ ನಗರದಲ್ಲಿಯೇ ದೇಹವಿಟ್ಟರು. ಅವರ ಕರ್ಮಭೂಮಿಯಾದ ಆ ಎರಡು ಸಂಸ್ಥೆಗಳೂ ಊರಿನ ಇನ್ನೊಂದು ಮಗ್ಗುಲಿನಲ್ಲಿವೆ. ಆದರೂ ಈ ಬಡಾವಣೆಗೆ ಅವರ ಹೆಸರು ಒಪ್ಪುವುದಿಲ್ಲವೆಂದು ಹೇಳುವಂತಿಲ್ಲ. ರೇಡಾರ್ ಯಂತ್ರಗಳನ್ನು ರೂಪಿಸುವ ಸಂಸ್ಥೆ, ಚಾಲಕನಿಲ್ಲದ ವಿಮಾನಗಳನ್ನು ಹಾರಿಸುವ ಸಂಸ್ಥೆ, ವಿಮಾನದ ಎಂಜಿನ್ನುಗಳನ್ನು ಪರೀಕ್ಷಿಸುವ ಸಂಸ್ಥೆ, ಹೀಗೆ ರಕ್ಷಣಾ ಸಂಶೋಧನೆಯ ಹಲವು ಪ್ರಯೋಗಾಲಯಗಳು ಇಲ್ಲಿಯೂ ಇದರ ಮಗ್ಗುಲಲ್ಲಿಯೂ ನೆಲೆಸಿವೆ.

ಪಕ್ಕದ ರಸ್ತೆಯ ಹೆಸರೂ ಸಾಮಾನ್ಯವಾದುದಲ್ಲ. ‘ಮರುತ್’ ಯುದ್ಧವಿಮಾನದ ಪರೀಕ್ಷಾ ಹಾರಾಟದಲ್ಲಿ ೧೯೭೦ರಲ್ಲಿ ಪ್ರಾಣಾರ್ಪಣೆ ಮಾಡಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರ ಸ್ಮರಣೆಯನ್ನು ಅದು ಹೊತ್ತಿದೆ. ಅದರ ಆಚೆಗೆ, ಹೊಸ ತಿಪ್ಪಸಂದ್ರದ ಕಡೆ, ೧೯೬೪ರಲ್ಲಿ ಹುಟ್ಟಿದ ಬಿ.ಇ.ಎಂ.ಎಲ್. ಕಾರ್ಖಾನೆ. ೨೦೧೧ರ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲ ಬಾರಿಗೆ ಓಡಿದ ‘ನಮ್ಮ ಮೆಟ್ರೋ’ದ ಬೋಗಿಗಳನ್ನು ಒದಗಿಸಿದ್ದು ಇದೇ ಸಂಸ್ಥೆ.

ಇಷ್ಟೆಲ್ಲ ಯಂತ್ರವಿದ್ಯೆಯ ನಡುವೆಯೂ ಇಲ್ಲಿನ ಅಡ್ಡರಸ್ತೆಗಳಲ್ಲಿ ಬೆಳಗಿನ ಎಂಟು ಗಂಟೆಗೆ ಆಗಾಗ ಕಾಣಸಿಗುವ ದೃಶ್ಯವೊಂದಿದೆ. ಹೊಸ ಕಾರೊಂದು ಬಾನೆಟ್ಟನ್ನು ತೆರೆದುಕೊಂಡು ನಿಂತಿರುತ್ತದೆ. ಗುಂಡಿಯನ್ನು ಒತ್ತಿದರೆ ‘ಟಕ್ ಟಕ್’ ಎಂಬ ಸದ್ದು ಮಾತ್ರ; ಸೆಲ್ಫ್ ಹೊಡೆಯದು. ಶಾಲೆಯ ಚೀಲ ಹೊತ್ತ ಮಕ್ಕಳು ಗಡಿಯಾರವನ್ನೂ ತಂದೆಯ ಮುಖವನ್ನೂ ನೋಡುತ್ತಿರುತ್ತಾರೆ. ಎದುರು ಮನೆಯವರು ಕೆಂಪು ಮತ್ತು ಕಪ್ಪು ತಂತಿಗಳನ್ನು ಹಿಡಿದು ಬರುತ್ತಾರೆ. ಜಂಪ್ ಕೊಟ್ಟ ಮೇಲೆ ಕಾರು ಹೊರಡುತ್ತದೆ. ಮೂರು ದಿನ ಕಳೆದರೆ ಅದೇ ಕಥೆ.

ಕೆರೆಯಂಗಳದ ಹಳ್ಳಿಗಳು

ಈ ಸೀಮೆ ಮೊದಲಿನಿಂದಲೂ ನಗರವಲ್ಲ. ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ, ಬೈರಸಂದ್ರ, ತಿಪ್ಪಸಂದ್ರ ಎಂಬ ಹೆಸರುಗಳೇ ಹೇಳುವಂತೆ ಇವೆಲ್ಲ ಹಳ್ಳಿಗಳು. ‘ಸಂದ್ರ’ವೆಂದರೆ ಸಮುದ್ರ, ಹಿಂದಿನವರು ತಮ್ಮ ಕೆರೆಗೆ ಪ್ರೀತಿಯಿಂದ ಇಟ್ಟುಕೊಂಡ ದೊಡ್ಡ ಹೆಸರು. ಕಗ್ಗದಾಸಪುರದ ಕೆರೆಯೂ ಬೈರಸಂದ್ರದ ಕೆರೆಯೂ ಇಂದಿಗೂ ಉಳಿದಿವೆ. ಬೈರಸಂದ್ರದ ಕೆರೆಯ ದಡದಲ್ಲಿ ಈಗ ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಸೌಧಗಳು ಎದ್ದಿವೆ.

ಹಳ್ಳಿಯ ಗಾಡಿಗಳಿಗೆ ಸಾಕಾಗಿದ್ದ ದಾರಿಗಳು ಮೋಟಾರುಗಳಿಗೆ ಸಾಲವು. ಕಗ್ಗದಾಸಪುರದಲ್ಲಿ ಸೇಲಂ ಕಡೆಯ ರೈಲುದಾರಿ ರಸ್ತೆಯನ್ನು ಅಡ್ಡಹಾಯುವ ಗೇಟು, ವಾಹನಗಳ ಸಾಲಿಗಾಗಿಯೇ ಬಹುಕಾಲ ಹೆಸರಾಗಿತ್ತು. ಇಲ್ಲಿನ ಅನೇಕ ಸಂಸಾರಗಳ ಕಾರು ದಿನವೊಂದಕ್ಕೆ ಓಡುವುದು ಎರಡೋ ಮೂರೋ ಮೈಲಿ: ಮನೆಯಿಂದ ಶಾಲೆಗೆ, ಶಾಲೆಯಿಂದ ಕಛೇರಿಗೆ, ಇಲ್ಲವೇ ಮೆಟ್ರೋ ನಿಲ್ದಾಣಕ್ಕೆ. ಕೆಲವು ಕಾರುಗಳಿಗೆ ಭಾನುವಾರದ ಹೊರತು ಸೂರ್ಯದರ್ಶನವೇ ಇಲ್ಲ. ಮಹಡಿ ಮನೆಗಳ ನೆಲಮಾಳಿಗೆಯಲ್ಲಿ ವಾರವಿಡೀ ಧೂಳು ಕುಡಿಯುತ್ತ ನಿಂತಿರುತ್ತವೆ. ಮುಂದೆ ಬರುವ ತೊಂದರೆಗೆ ಬೀಜ ಬೀಳುವುದು ಇಲ್ಲಿಯೇ.

ಪೆಟ್ಟಿಗೆಯೊಳಗಿನ ಕೆರೆ

ಕಾರಿನ ಬ್ಯಾಟರಿಯ ಮೂಲಪುರುಷ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಬಗೆಯನ್ನು ಆತನು ೧೮೫೯ರಲ್ಲಿ ಕಂಡುಹಿಡಿದನು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ, ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವ ಕಷ್ಟ ಕ್ರಮೇಣ ತಪ್ಪಿತು. ಬ್ಯಾಟರಿ ಕೈಕೊಟ್ಟಾಗ ಹಳೆಯ ಕಾರುಗಳನ್ನು ನಾಲ್ಕು ಜನ ಸೇರಿ ತಳ್ಳಿ ಹೊರಡಿಸುತ್ತಿದ್ದುದುಂಟು. ಇಂದಿನ ಆಟೊಮ್ಯಾಟಿಕ್ ಗೇರಿನ ಕಾರಿಗೆ ಆ ಉಪಾಯವೂ ನಡೆಯದು.

ಬ್ಯಾಟರಿಯ ಒಳಗೆ ಆರು ಕೋಶಗಳಿವೆ. ಒಂದೊಂದರಿಂದ ಎರಡು ವೋಲ್ಟಿಗಿಂತ ತುಸು ಹೆಚ್ಚು. ಪೂರ್ಣವಾಗಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು ೧೨.೬ ವೋಲ್ಟನ್ನು ತೋರಿಸುತ್ತದೆ. ೧೨.೨ಕ್ಕೆ ಇಳಿದರೆ ಅರ್ಧ ಖಾಲಿಯೆಂದೂ, ೧೨ಕ್ಕೆ ಇಳಿದರೆ ಮುಕ್ಕಾಲು ಪಾಲು ಖಾಲಿಯೆಂದೂ ತಿಳಿಯಬೇಕು. ಖಾಲಿಯಾದ ಸ್ಥಿತಿಯಲ್ಲಿಯೇ ಬಹಳ ದಿನ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೂಳು ತುಂಬಿದ ಕೆರೆಯಂತೆ, ಆಮೇಲೆ ಎಷ್ಟು ತುಂಬಿಸಿದರೂ ಹಿಡಿಯುವುದು ಕಡಿಮೆಯೇ. ಆದುದರಿಂದ ಒಂದೆರಡು ಬಾರಿ ಪೂರ್ತಿ ಕೂತುಹೋದ ಹೊಸ ಬ್ಯಾಟರಿ ವಯಸ್ಸಿಗೆ ಮುಂಚೆಯೇ ಮುದಿಯಾಗುತ್ತದೆ.

ಎಂಜಿನ್ನನ್ನು ಎಬ್ಬಿಸುವ ಕೆಲಸವೇ ಬ್ಯಾಟರಿಯನ್ನು ಹೀರಿಬಿಡುತ್ತದೆಂದು ಬಹುಮಂದಿ ನಂಬಿದ್ದಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸ್ಟಾರ್ಟರು ನೂರೈವತ್ತು ಆಂಪಿಯರ್‌ನಂತೆ ಎರಡು ಸೆಕೆಂಡು ಎಳೆದುಕೊಂಡಿತೆನ್ನಿ. ಅಷ್ಟೇ ವಿದ್ಯುತ್ತನ್ನು ಡಿಕ್ಕಿಯೊಳಗಿನ ಐದು ವ್ಯಾಟಿನ ಪುಟ್ಟ ಬಲ್ಬು ಹನ್ನೆರಡು ನಿಮಿಷಗಳಲ್ಲಿ ಕುಡಿದುಬಿಡುತ್ತದೆ! ಬಾಗಿಲು ಸರಿಯಾಗಿ ಮುಚ್ಚದೆ ಆ ಬಲ್ಬು ಹತ್ತು ಗಂಟೆಗಳ ಕಾಲ ಉರಿದರೆ ಐವತ್ತು ಸಲ ಎಂಜಿನ್ ಎಬ್ಬಿಸಿದಂತಾಯಿತು. ಗುಡುಗಿ ಬರುವ ಪ್ರವಾಹಕ್ಕಿಂತ ಸದ್ದಿಲ್ಲದೆ ಸೋರುವ ತೂಬೇ ಕೆರೆಯನ್ನು ಬರಿದುಮಾಡುವುದು.

೨೦೨೦ರ ಪಾಠ

ಈ ಮಾತಿಗೆ ಇಡೀ ದೇಶವೇ ಒಮ್ಮೆ ಸಾಕ್ಷಿಯಾಯಿತು. ಕೊರೋನಾ ಪಿಡುಗಿನ ನಿಮಿತ್ತ ೨೦೨೦ರ ಮಾರ್ಚ್ ೨೫ರಿಂದ ಇಪ್ಪತ್ತೊಂದು ದಿನಗಳ ದಿಗ್ಬಂಧನ ಜಾರಿಗೆ ಬಂದು, ಮುಂದೆ ಮೇ ತಿಂಗಳ ಕೊನೆಯವರೆಗೂ ಬೆಳೆಯಿತು. ಕಾರುಗಳು ನಿಂತಲ್ಲಿಯೇ ನಿಂತವು. ಬೀಗ ಹಾಕಿ ನಿಲ್ಲಿಸಿದ ಕಾರು ನಿದ್ರಿಸುತ್ತಿದೆಯೆಂದು ತೋರಿದರೂ ಅದರೊಳಗೆ ಕೆಲವು ಅಂಗಗಳು ಎಚ್ಚರವಾಗಿಯೇ ಇರುತ್ತವೆ. ಕಳ್ಳರನ್ನು ಕಂಡರೆ ಕೂಗುವ ಕಾವಲು ಯಂತ್ರ, ಕೀಲಿಯ ಸಂಕೇತಕ್ಕಾಗಿ ಕಿವಿಗೊಟ್ಟ ಗ್ರಾಹಕ, ಗಡಿಯಾರ, ಎಂಜಿನ್ನಿನ ನೆನಪು, ಇವೆಲ್ಲಕ್ಕೂ ಗುಟುಕು ಗುಟುಕಾಗಿ ವಿದ್ಯುತ್ತು ಬೇಕು. ದೋಷವಿಲ್ಲದ ಕಾರಿನಲ್ಲಿ ಇದರ ಮೊತ್ತ ಸಾಮಾನ್ಯವಾಗಿ ೫೦ ಮಿಲಿ ಆಂಪಿಯರ್ ಮೀರುವುದಿಲ್ಲ. ಆ ಮಿತಿಯಲ್ಲೇ ಲೆಕ್ಕ ಹಾಕಿದರೂ ದಿನಕ್ಕೆ ೧.೨ ಆಂಪಿಯರ್-ಗಂಟೆ, ಇಪ್ಪತ್ತೊಂದು ದಿನಗಳಿಗೆ ಇಪ್ಪತ್ತೈದು. ಬ್ಯಾಟರಿಯ ಸಾಮರ್ಥ್ಯ ೪೫ ಆಂಪಿಯರ್-ಗಂಟೆಯಾದರೆ ಅರ್ಧಕ್ಕಿಂತ ಹೆಚ್ಚು ಮಾಯ! ಆಗ ಕಾರುಗಳು ಮುನಿದದ್ದು ದೋಷದಿಂದಲ್ಲ, ಉಪವಾಸದಿಂದ.

ಮೂರು ದಿನಕ್ಕೊಮ್ಮೆ ಮಲಗುವ ಹೊಸ ಕಾರಿನ ವಿಷಯ ಹಾಗಲ್ಲ. ಅಲ್ಲಿ ಸೋರಿಕೆ ಅರ್ಧ ಆಂಪಿಯರ್‌ನಷ್ಟಿದ್ದರೆ ದಿನಕ್ಕೆ ಹನ್ನೆರಡು ಆಂಪಿಯರ್-ಗಂಟೆ ಹೋಯಿತು. ಎರಡು ದಿನಕ್ಕೆ ಅರ್ಧ ಬ್ಯಾಟರಿಯೇ ಬರಿದು.

ಸೋರುವ ತೂಬು ಯಾವುದು?

ಕಾರಣಗಳು ಹಲವು. ಮಾರಾಟಗಾರರ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತು, ಕೊಳ್ಳುವವರ ಕೈ ಸೇರುವ ಮೊದಲೇ ಬ್ಯಾಟರಿ ಬಡವಾಗಿರಬಹುದು. ಅದರ ಮೇಲೆ ಒತ್ತಿರುವ ತಯಾರಿಕೆಯ ತಿಂಗಳನ್ನು ನೋಡಿದರೆ ತಿಳಿಯುತ್ತದೆ. ಹೊರಗಿನವರಿಂದ ಹಾಕಿಸಿದ ಹಾಡಿನ ಪೆಟ್ಟಿಗೆ, ರಸ್ತೆಯನ್ನು ಚಿತ್ರಿಸುವ ಕ್ಯಾಮೆರಾ, ಕಾರಿನ ಜಾಡು ಹಿಡಿಯುವ ಜಿ.ಪಿ.ಎಸ್. ಸಾಧನ, ಇವುಗಳ ತಂತಿಯನ್ನು ಕೀಲಿಗೆ ಒಳಪಡದ ಕಡೆ ಜೋಡಿಸಿದ್ದರೆ ಹಗಲಿರುಳೂ ಸೋರಿಕೆ ತಪ್ಪದು. ಕೀಲಿಯನ್ನು ಕಾರಿನ ಪಕ್ಕದ ಗೋಡೆಗೇ ನೇತುಹಾಕುವ ಅಭ್ಯಾಸವಿದ್ದಲ್ಲಿ ಕೆಲವು ಕಾರುಗಳು ನಿದ್ದೆಗೇ ಜಾರವು. ಕಂಪ್ಯೂಟರ್ ಘಟಕವೊಂದು ತಂತ್ರಾಂಶದ ದೋಷದಿಂದ ಎಚ್ಚರವಾಗಿಯೇ ಉಳಿಯುವುದೂ ಉಂಟು. ಟರ್ಮಿನಲ್ಲಿನ ಸಡಿಲ, ಆಲ್ಟರ್ನೇಟರಿನ ಡಯೋಡು ಕೆಟ್ಟಿರುವುದು ಮೊದಲಾದವು ಬೇರೆ.

ಇವೆಲ್ಲದರ ಜೊತೆಗೆ ಗೇಟಿನ ಮುಂದಣ ಆ ಸಾಲು. ಎಂಜಿನ್ ಮಂದವಾಗಿ ಓಡುವಾಗ ಆಲ್ಟರ್ನೇಟರಿನ ಉತ್ಪತ್ತಿ ಕಡಿಮೆ. ಸಂಜೆಯ ದೀಪ, ತಂಪುಯಂತ್ರದ ಫ್ಯಾನು, ವೈಪರ್, ಹಾಡು, ಎಲ್ಲಕ್ಕೂ ಅದರಿಂದಲೇ ಪಾಲು ಹೋಗಬೇಕು. ಹತ್ತು ನಿಮಿಷದ ಓಟದಲ್ಲಿ ರಾತ್ರಿಯ ನಷ್ಟ ತುಂಬುವುದು ಕಠಿನ.

ಇಂಥಲ್ಲಿ ಮಾಡಬೇಕಾದ ಮೊದಲ ಕೆಲಸ ಹೊಸ ಬ್ಯಾಟರಿ ಕೊಳ್ಳುವುದಲ್ಲ, ಅಳೆಯುವುದು. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ವೋಲ್ಟ್ ನೋಡಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೪ರ ಸುಮಾರಿಗೆ ಏರಿದರೆ ತುಂಬಿಸುವ ಕಡೆ ಕ್ಷೇಮವೆಂದು ಅರ್ಥ. ಆಮೇಲೆ ನುರಿತ ಆಟೋ ಎಲೆಕ್ಟ್ರಿಷಿಯನ್ನರು ಮೈನಸ್ ಟರ್ಮಿನಲ್ಲಿನ ದಾರಿಯಲ್ಲಿ ಆಂಪಿಯರ್ ಮಾಪಕವನ್ನು ಸೇರಿಸಿ, ಕಾರಿಗೆ ಬೀಗ ಹಾಕಿ, ಅದು ನಿದ್ದೆಹೋಗಲು ಅರ್ಧ ಗಂಟೆಯಾದರೂ ಕಾಯುತ್ತಾರೆ. ಅಂಕಿ ಹೆಚ್ಚಾಗಿಯೇ ಉಳಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾರೆ. ಯಾವ ಫ್ಯೂಸು ಕಿತ್ತಾಗ ಅಂಕಿ ಥಟ್ಟನೆ ಇಳಿಯಿತೋ ಅಲ್ಲಿದೆ ತೂಬು. ಮಾಪಕವನ್ನು ಹಾಗೆ ಜೋಡಿಸಿರುವಾಗ ಎಂಜಿನ್ ಎಬ್ಬಿಸಬಾರದು, ಮಾಪಕವೇ ಸುಟ್ಟೀತು. ಅನುಭವವಿಲ್ಲದವರು ಇದಕ್ಕೆ ಕೈಹಾಕದಿರುವುದು ಲೇಸು. ಇನ್ನೂ ವಾರಂಟಿ ಇರುವ ಕಾರಾದರೆ, ಕೆಟ್ಟ ದಿನಾಂಕಗಳನ್ನೂ ವೋಲ್ಟಿನ ಅಂಕಿಗಳನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಸರ್ವಿಸ್ ಕೇಂದ್ರದವರ ಮುಂದೆ ಇಡಬೇಕು. ‘ಆಗಾಗ ಕೆಡುತ್ತದೆ’ ಎಂಬ ದೂರಿಗಿಂತ ಅಂಕಿಗಳ ಮಾತಿಗೆ ಬೆಲೆ ಹೆಚ್ಚು.

ಜಂಪ್ ಕೊಡುವುದಕ್ಕೂ ಕ್ರಮವಿದೆ. ಕೆಂಪು ತಂತಿ ಮೊದಲು ಮಲಗಿದ ಬ್ಯಾಟರಿಯ ಪ್ಲಸ್ಸಿಗೆ, ಬಳಿಕ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್ಸಿಗೆ, ಅದರ ಇನ್ನೊಂದು ತುದಿ ಮಲಗಿದ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಕಿಡಿ ತಗುಲಬಾರದೆಂದೇ ಈ ಕೊನೆಯ ಎಚ್ಚರ. ಹೀಗೆ ಎದ್ದ ಕಾರನ್ನು ಅಂಗಡಿಗೆ ಹೋಗಿ ಬಂದಷ್ಟರಲ್ಲಿಯೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಚಾರ್ಜರಿಗೆ ಹಾಕಿ ರಾತ್ರಿಯೆಲ್ಲ ತುಂಬಿಸುವುದು ಉತ್ತಮ.

ಪೆಟ್ರೋಲಿನ ಹಂಗಿಲ್ಲದ ಕಾರು ಕೊಂಡರೆ ಈ ಗೋಜೇ ಇಲ್ಲವೆಂದು ತಿಳಿದವರುಂಟು. ಬೆಂಗಳೂರಿಗೆ ವಿದ್ಯುತ್ ಕಾರು ಹೊಸದಲ್ಲ. ೨೦೦೧ರಲ್ಲಿಯೇ ಬೊಮ್ಮಸಂದ್ರದ ಕಾರ್ಖಾನೆಯಿಂದ ‘ರೇವಾ’ ಹೊರಬಂದಿತು, ಮುಂದಿನ ಆಸನಗಳ ಕೆಳಗೆ ಎಂಟು ಸೀಸದ ಬ್ಯಾಟರಿಗಳನ್ನು ಹೊತ್ತು. ಇಂದಿನ ಬಹುತೇಕ ವಿದ್ಯುತ್ ಕಾರುಗಳಲ್ಲಿಯೂ, ಓಡಿಸುವ ಮಹಾ ಬ್ಯಾಟರಿಯಲ್ಲದೆ, ಬಾಗಿಲು, ದೀಪ, ಕಂಪ್ಯೂಟರುಗಳಿಗಾಗಿ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಬೇರೆ ಇರುತ್ತದೆ. ಚಿಕ್ಕದು ಮಲಗಿದರೆ ದೊಡ್ಡದು ತುಂಬಿದ್ದರೂ ಕಾರು ಏಳದು.

ಈ ಎಚ್ಚರವೆಲ್ಲ ಶಾಲೆಯ ಗಂಟೆಗಾಗಿ ಮಾತ್ರವಲ್ಲ. ಸಂಸಾರವಂದಿಗರು ಸಾಲ ಮಾಡಿ ಕಾರು ಕೊಳ್ಳುವುದು ನಡುರಾತ್ರಿಯ ಭಯಕ್ಕಾಗಿಯೂ ಹೌದು: ಮನೆಯಲ್ಲಿ ವಯಸ್ಸಾದ ತಾಯಿ, ತುಂಬು ಗರ್ಭಿಣಿಯಾದ ಸೊಸೆ, ಜ್ವರದಲ್ಲಿ ಬೇಯುವ ಮಗು. ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಇಲ್ಲಿಂದ ದೂರವೇನಲ್ಲ. ಆದರೆ ಎರಡು ಗಂಟೆಯ ರಾತ್ರಿಯಲ್ಲಿ ‘ಟಕ್ ಟಕ್’ ಎನ್ನುವ ಕಾರಿನೊಳಗೆ ಕುಳಿತವರಿಗೆ ಆ ಎರಡು ಮೈಲಿಯೇ ಎರಡು ಯೋಜನ. ಎರಡು ಬಾರಿ ಕಾರು ಮಲಗಿತೆಂದರೆ ಮೂರನೆಯ ಬಾರಿಗೆ ಕಾಯಬಾರದೆಂಬುದು ಇದಕ್ಕಾಗಿಯೇ.

ಕೊನೆಗೂ ಬ್ಯಾಟರಿ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಗುಜರಿಗೆ ಎಸೆಯದೆ ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಸೀಸವೂ ಆಮ್ಲವೂ ಮಣ್ಣಿಗೆ, ನೀರಿಗೆ ವಿಷ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಅವನ್ನು ಕ್ರಮವಾಗಿ ವಿಲೇವಾರಿ ಮಾಡಬೇಕೆನ್ನುತ್ತವೆ. ಬೈರಸಂದ್ರ, ಕಗ್ಗದಾಸಪುರಗಳಲ್ಲಿ ಅಷ್ಟಿಷ್ಟು ಉಳಿದಿರುವ ಕೆರೆಗಳಿಗೆ ಆ ವಿಷವೂ ಸೇರಬಾರದಷ್ಟೆ. ಹೊಸ ಬ್ಯಾಟರಿಯನ್ನು ಕೂಡಿಸುವ ಮುನ್ನ ಹಳೆಯ ಸೋರಿಕೆ ನಿಂತಿದೆಯೇ ಎಂದು ಇನ್ನೊಮ್ಮೆ ಅಳೆದು ನೋಡಲಿ. ಮಳೆಗಾಲಕ್ಕೆ ಮೊದಲು ತೂಬನ್ನು ಪರೀಕ್ಷಿಸಿಕೊಳ್ಳುತ್ತಿದ್ದ ಇಲ್ಲಿನ ಹಳೆಯ ಒಕ್ಕಲು ಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.