ಥೀಮ್ ಕೊಳ್ಳುವ ಮೊದಲು ‘ಕಿತ್ತೂರು’ ಅಂತ ಬರೆದು ನೋಡಿ

ವೆಬ್‌ಸೈಟಿಗೆ ಪ್ರೀಮಿಯಂ ಥೀಮ್ ಕೊಳ್ಳಲೆಂದು ನಾವು ಗೆಳೆಯರು ರೊಕ್ಕ ಕೂಡಿಸಿದ್ದೆವು. ಡೆಮೊಗಳೇನೋ ಕಣ್ಣು ಕೋರೈಸುತ್ತವೆ. ಆದರೆ ಅಲ್ಲಿರುವುದೆಲ್ಲ ಇಂಗ್ಲಿಷ್ ಶೀರ್ಷಿಕೆ. ಕಂಪ್ಯೂಟರಿನಲ್ಲಿ ಡೆಮೊ ತೆರೆದು, ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಅದನ್ನು ಅಳಿಸಿ ನಮ್ಮದನ್ನು ಬರೆದು ನೋಡಬಹುದು. ಬದಲಾಗುವುದು ನಮ್ಮ ಪರದೆಯಲ್ಲಷ್ಟೇ.

ನಾವು ಬರೆದದ್ದು: ‘ಕಿತ್ತೂರು, ಸವದತ್ತಿಯಲ್ಲಿ ಮಳೆ, ಬೈಲಹೊಂಗಲ ರಸ್ತೆ ಬಂದ್’. ತಕಾರದ ಒತ್ತು ಹೋಗಿ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿತು! ಇಂಗ್ಲಿಷಿಗೆ ಒತ್ತಕ್ಷರವಿಲ್ಲ, ಹಾಗಾಗಿ ಶೀರ್ಷಿಕೆಯ ‘ಲೈನ್ ಹೈಟ್’ 1.1 ಅಥವಾ 1.2 ಇಟ್ಟಿರುತ್ತಾರೆ. ಕನ್ನಡಕ್ಕೆ 1.5 ಆದರೂ ಬೇಕು. (ರಾಮದುರ್ಗದ ಅರ್ಕಾವತ್ತು ಪಕ್ಕದಲ್ಲಿ ಕೂಡುವುದರಿಂದ ಪಾರಾಗುತ್ತದೆ.) ಇದನ್ನು ನಾವೇ ಒಂದು ಸಾಲಿನ ಸಿಎಸ್‌ಎಸ್‌ನಲ್ಲಿ ಸರಿಮಾಡಬಹುದು. ಅಂದಮೇಲೆ ರೊಕ್ಕ ಯಾತಕ್ಕೆ?

ಇನ್ನೊಂದು, ಭಾರ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆಯವರಿಗೆ ಬೇಕಿದ್ದದ್ದು ನೀರು ಎಲ್ಲಿಯವರೆಗೆ ಬಂತು ಅನ್ನುವ ಒಂದು ಸಾಲು. ಸಿಗ್ನಲ್ ಸರಿ ಇಲ್ಲದ ಊರಿನಲ್ಲಿ ನಾಲ್ಕು ಫೋಟೊದ ಸ್ಲೈಡರ್ ತೆರೆಯುವವರೆಗೆ ಯಾರು ಕಾಯುತ್ತಾರೆ?

ಅನೇಕ ಪ್ರೀಮಿಯಂ ಥೀಮ್‌ಗಳಿಗೆ ಅಪ್‌ಡೇಟ್, ಸಹಾಯ ಒಂದೇ ವರ್ಷ. ಆಮೇಲೆ ಮತ್ತೆ ಕಟ್ಟಬೇಕು. ವರ್ಡ್‌ಪ್ರೆಸ್‌ನದೇ ಸಾದಾ ಥೀಮ್, ನೋಟೊ ಸ್ಯಾನ್ಸ್ ಕನ್ನಡ ಫಾಂಟ್, ಎರಡೂ ಪುಕ್ಕಟೆ. ಅವನ್ನೇ ಹಾಕಿದ್ದೇವೆ. ಕೂಡಿಸಿದ ರೊಕ್ಕದಲ್ಲಿ ಹೋಸ್ಟಿಂಗ್ ಕಟ್ಟಿದೆವು. ಉಳಿದದ್ದು ಸುದ್ದಿಗೆ ಓಡಾಡುವ ಬಸ್ ಚಾರ್ಜಿಗೆ.