ಶ್ರೇಢಿಯ ಪಾಠಕ್ಕೊಂದು ಪೆನ್‌ಡ್ರೈವ್

ಸಮಾಂತರ ಶ್ರೇಢಿಯ ಮೊತ್ತವನ್ನು ಹತ್ತನೆಯ ತರಗತಿಗೆ ಕಲಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಪೇರಿಸಿಟ್ಟ ಮರದ ದಿಮ್ಮಿ, ತಿಂಗಳ ಉಳಿತಾಯ ಇಂಥ ಉದಾಹರಣೆಗಳನ್ನೇ ತೆಗೆದುಕೊಳ್ಳುತ್ತೇವೆ. ಮಕ್ಕಳಿಗೆ ಲೆಕ್ಕ ಬರುತ್ತದೆ. ಈ ಮೊತ್ತ ಯಾರಿಗೆ, ಏಕೆ ಬೇಕು ಎಂಬುದು ಮಾತ್ರ ಮನಸ್ಸಿಗೆ ಇಳಿಯುವುದಿಲ್ಲ. ಮಹಾಲಿಂಗಪುರ ಭಾಗದ ಪ್ರೌಢಶಾಲೆಯೊಂದರಲ್ಲಿ 16 ವಾರಗಳ ಇಂಟರ್ನ್‌ಶಿಪ್ ಮಾಡುವಾಗ ಇದಕ್ಕೊಂದು ಉದಾಹರಣೆ ನನಗೆ ಶಾಲೆಯ ಪೆನ್‌ಡ್ರೈವ್‌ನಲ್ಲೇ ಸಿಕ್ಕಿತು.

ಆ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು. ಆದರೂ ಮಕ್ಕಳ ಯೋಜನಾಕಾರ್ಯದ ಹೊಸ ಫೋಟೊಗಳನ್ನು ಅದು ತೆಗೆದುಕೊಳ್ಳಲಿಲ್ಲ. ಆಂತರಿಕ ಮೌಲ್ಯಮಾಪನದ ಕೃತಿಸಂಪುಟಕ್ಕೆ ಆ ಫೋಟೊಗಳು ಬೇಕಿದ್ದವು. ಹಲವು ವರ್ಷ ಫೋನಿಗೆ ಬಂದ ಚಿತ್ರಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು. ತೆರೆದರೆ ಚಹಾ ಕುಡಿದು ಬರುವಷ್ಟು ಹೊತ್ತು. ‘ಕೆಟ್ಟಿದೆ, ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮಾತೂ ಬಂತು. ಹಾಗೆ ಮಾಡಿದ್ದರೆ ಹಿಂದಿನ ಮಕ್ಕಳ ಕೆಲಸವೆಲ್ಲ ಅಳಿಸಿ ಹೋಗುತ್ತಿತ್ತು.

ಪೆನ್‌ಡ್ರೈವ್ ಕೆಟ್ಟಿರಲಿಲ್ಲ. ಫೋಲ್ಡರನ್ನು ನಾವು ಚೀಲವೆಂದು ಭಾವಿಸುತ್ತೇವೆ. ಕಂಪ್ಯೂಟರಿಗೆ ಅದು ಹಾಜರಿ ಪುಸ್ತಕದಂಥ ಪಟ್ಟಿ. ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಾಗಿ ಕಾಣುವ ಫ್ಯಾಟ್32 ಪದ್ಧತಿಯಲ್ಲಿ ಈ ಪಟ್ಟಿಯ ಪ್ರತಿ ಸಾಲಿಗೆ 32 ಬೈಟ್. ಒಂದು ಫೋಲ್ಡರಿಗೆ ಹೆಚ್ಚೆಂದರೆ 65,536 ಸಾಲು, ಅಂದರೆ 2 ಎಂಬಿ. ಉದ್ದ ಹೆಸರಿದ್ದರೆ ಮೂಲ ಸಾಲಿನ ಜೊತೆಗೆ ಪ್ರತಿ 13 ಸಂಕೇತಗಳಿಗೆ ಇನ್ನೊಂದು ಸಾಲು ಬೇಕು. ವಾಟ್ಸಾಪ್ ಚಿತ್ರಕ್ಕೆ ತಾನಾಗಿ ಬೀಳುವ ಹೆಸರಿನಲ್ಲಿ 23 ಸಂಕೇತಗಳಿರುತ್ತವೆ. ಒಂದು ಚಿತ್ರಕ್ಕೆ ಮೂರು ಸಾಲು ಹೋಯಿತು. ಹೀಗಾಗಿ ಸುಮಾರು 21,800 ಚಿತ್ರಗಳಿಗೇ ಪಟ್ಟಿ ಭರ್ತಿ, ಜಾಗ ಎಷ್ಟೇ ಉಳಿದಿರಲಿ. ಕನ್ನಡದ ಹೆಸರು ಇನ್ನೂ ಬೇಗ ಉದ್ದವಾಗುತ್ತದೆ. ‘ಮಹಾಲಿಂಗಪುರ’ ನಮಗೆ ಆರು ಅಕ್ಷರ; ಕಾಗುಣಿತದ ಚಿಹ್ನೆ, ಅನುಸ್ವಾರ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಯಂತ್ರಕ್ಕೆ ಹತ್ತು ಸಂಕೇತ.

ತಡವಾಗುವುದರ ಕಾರಣದಲ್ಲಿ ಶ್ರೇಢಿ ಇದೆ. ಈ ಪಟ್ಟಿ ಅಕಾರಾದಿಯಾಗಿ ಇರುವುದಿಲ್ಲ. ಹೊಸ ಫೈಲು ಸೇರುವ ಮೊದಲು ಅದೇ ಹೆಸರು ಈಗಾಗಲೇ ಇದೆಯೇ ಎಂದು ಮೇಲಿಂದ ಕೆಳಗಿನವರೆಗೆ ನೋಡಬೇಕು. ಎರಡನೆಯ ಫೈಲಿಗೆ ಒಂದು ಹೋಲಿಕೆ, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು.

ತರಗತಿಯಲ್ಲಿ ಇದನ್ನು ಚೀಟಿಗಳಿಂದ ಮಾಡಿಸಿದೆ. ಒಬ್ಬೊಬ್ಬರೇ ಬಂದು, ಹಲಗೆಯ ಮೇಲಿನ ಹೆಸರುಗಳನ್ನೆಲ್ಲ ಓದಿ, ನಂತರ ತಮ್ಮ ಚೀಟಿ ಅಂಟಿಸಬೇಕು. ಹತ್ತು ಚೀಟಿಗೆ 45 ಹೋಲಿಕೆ, ಇಪ್ಪತ್ತಕ್ಕೆ 190. ಇಷ್ಟಾಗುವಾಗ ಸಾಲಿನಲ್ಲಿ ನಿಂತವರಿಗೆ ಬೇಸರ ಬಂದಿತ್ತು. ಆ ಬೇಸರವೇ ನನ್ನ ಕಲಿಕೋಪಕರಣ. ಬಳಿಕ ಸೂತ್ರ ಹಾಕಿದರು: 1,000 ಫೈಲಿಗೆ ಸುಮಾರು 5 ಲಕ್ಷ ಹೋಲಿಕೆ, 20,000ಕ್ಕೆ ಸುಮಾರು 20 ಕೋಟಿ. ಫೈಲು 20 ಪಟ್ಟಾದರೆ ಕೆಲಸ 400 ಪಟ್ಟು.

‘ಹಾಗಾದರೆ ಏನು ಮಾಡಬೇಕು?’ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸರ್ರ, ಬೆಲ್ಲದ ಪ್ಯಾಟ್ಯಾಗ ಎಲ್ಲಾ ರೈತರ ಪೆಂಟಿ ಒಂದ ಗುಂಪಿ ಹಾಕೂದಿಲ್ರೀ. ಬ್ಯಾರೆ ಬ್ಯಾರೆ ಇಡಬೇಕ್ರೀ’ ಎಂದ. ಲೆಕ್ಕ ಮಾಡಿ ನೋಡಿದೆವು. ಸಾವಿರದಂತೆ 20 ಫೋಲ್ಡರ್ ಮಾಡಿದರೆ 20 ಕೋಟಿ ಹೋಲಿಕೆ ಸುಮಾರು 1 ಕೋಟಿಗೆ ಇಳಿಯುತ್ತದೆ.

ದೊಡ್ಡವರೂ ಇದೇ ದಾರಿ ಹಿಡಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಪುಸ್ತಕದ ಪ್ರತಿ ಪುಟವೂ ಒಂದು ಪ್ರತ್ಯೇಕ ಚಿತ್ರ. ಅವನ್ನೆಲ್ಲ ಒಂದೆಡೆ ಸುರಿಯದೆ, ನಾಲ್ಕಂಕಿಯ ಫೋಲ್ಡರ್, ಅದರೊಳಗೆ ಮೂರಂಕಿಯ ಫೋಲ್ಡರ್ ಎಂದು ಹಂಚಿಟ್ಟಿದ್ದರು. ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಎಕ್ಸ್ಟ್4 ಪದ್ಧತಿಗಳು ಪಟ್ಟಿಯನ್ನೇ ಮರದಂತೆ ಕವಲೊಡೆಸಿ, ನಿಘಂಟಿನಲ್ಲಿ ಪದ ಹುಡುಕಿದ ಹಾಗೆ ಬೇಗ ಹುಡುಕುತ್ತವೆ. ಅಲ್ಲಿಯೂ ಸಾವಿರಾರು ಚಿತ್ರಗಳ ಕಿರುನೋಟ ತೋರಿಸಲು ಒಂದೊಂದನ್ನೂ ತೆರೆಯಲೇಬೇಕು.

‘ಇದು ಗಣಿತದ ಪಾಠವೋ, ಕಂಪ್ಯೂಟರ್ ಪಾಠವೋ?’ ಎಂದು ನಮ್ಮ ವಿಧಾನ ಬೋಧಕರು ಅವಲೋಕನದ ಪುಟದಲ್ಲಿ ಬರೆದರು. ಪ್ರಶ್ನೆ ನ್ಯಾಯವಾದದ್ದೇ. ಬೈಟು, ಸಾಲುಗಳ ವಿವರವನ್ನು ನಾನು ತರಗತಿಗೆ ಒಯ್ಯಲಿಲ್ಲ. ಹೋಲಿಕೆಗಳ ಎಣಿಕೆಯನ್ನಷ್ಟೇ ಒಯ್ದೆ. ಸೂತ್ರವನ್ನು ಕಂಠಪಾಠ ಮಾಡಿದ್ದ ಮಕ್ಕಳಿಗೆ ಅದು ಏನನ್ನು ಎಣಿಸುತ್ತದೆ ಎಂಬುದು ಅಂದು ಕಂಡಿತು. ಅಷ್ಟರಮಟ್ಟಿಗೆ ಅದು ಗಣಿತವೇ ಎಂದು ನನ್ನ ನಂಬಿಕೆ.

ಆ ವಾರ ಮಕ್ಕಳೇ ವರ್ಷ, ತರಗತಿಗಳ ಪ್ರಕಾರ ಹೊಸ ಫೋಲ್ಡರುಗಳನ್ನು ಮಾಡಿ ಚಿತ್ರಗಳನ್ನು ಸ್ಥಳಾಂತರಿಸಿದರು. ಒಂದು ಚಿತ್ರವೂ ಅಳಿಯಲಿಲ್ಲ. ಯೋಜನಾಕಾರ್ಯದ ಫೋಟೊಗಳಿಗೂ ಜಾಗವಾಯಿತು. ಇಂಟರ್ನ್‌ಶಿಪ್‌ಗೆ ಹೊರಡುವ ಸ್ನೇಹಿತರು ಮೊದಲ ವಾರವೇ ಶಾಲೆಯ ದಾಖಲೆಗಳಿರುವ ಫೋಲ್ಡರುಗಳನ್ನು ತೆರೆದು ನೋಡುವುದು ಒಳ್ಳೆಯದು. ಹೆಸರು ಚಿಕ್ಕದಿರಲಿ, ವರ್ಷ ಮೊದಲು ಬರಲಿ. ‘ಕೆಟ್ಟಿದೆ’ ಎಂದು ಯಾರಾದರೂ ಅಳಿಸಲು ಹೊರಟರೆ, ಒಳಗೆ ಎಷ್ಟು ಫೈಲುಗಳಿವೆ ಎಂದು ಮೊದಲು ಎಣಿಸಿ.